ನೀಲಿ ಹಾಳೆ, ಹಳದಿ ಹಾಳೆ

ಬಟ್ಟೆ ಒಗೆಯಲು ಹಾಕುವ ಮುಂಚೆ ಜೇಬು ತಡಕುವುದು ನನ್ನ ಹಳೆಯ ಅಭ್ಯಾಸ. ಎಲ್ಲ ತಾಯಂದಿರೂ ತಡಕುತ್ತಾರೆ, ನಿಜ. ನಾನು ಮಾತ್ರ ಸ್ವಲ್ಪ ಅತಿಯಾಗಿ ತಡಕುತ್ತೇನೆ ಎಂದು ಮನೆಯವರ ದೂರು. ಇವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಪೆನ್ನಿನ ಮುಚ್ಚಳ ಸಿಕ್ಕುತ್ತದೆ. ಪೆನ್ನು ಇದುವರೆಗೆ ಸಿಕ್ಕಿಲ್ಲ. ಅತ್ತೆಯ ಸ್ವೆಟರಿನಲ್ಲಿ ಪೆಪ್ಪರ್‌ಮಿಂಟಿನ ಕಾಗದ, ವೈದ್ಯರು ಸಕ್ಕರೆ ಮುಟ್ಟಬೇಡಿ ಎಂದ ಮೇಲೆ ಮೊದಲಿಗಿಂತ ಹೆಚ್ಚು. ಆ ಬೆಳಗ್ಗೆ ಒಂದೊಂದೇ ಬಟ್ಟೆ ಕೊಡವಿ ಬುಟ್ಟಿಯಿಂದ ಬುಟ್ಟಿಗೆ ಹಾಕುತ್ತಿದ್ದವಳು, ಮಗಳ ಬೂದು ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹೋದದ್ದೇ ಹಾಗೇ ನಿಂತುಬಿಟ್ಟೆ.

ನಾಲ್ಕಾಗಿ ಮಡಚಿದ ಹಳದಿ ಹಾಳೆ. ಬಿಡಿಸದೆಯೇ ಏನೆಂದು ಗೊತ್ತಾಯಿತು. ಗೊತ್ತಾದರೂ ಬಿಡಿಸಿದೆ.

ಮೂರು ವಾರದಿಂದ ನಮ್ಮ ಮನೆಯಲ್ಲಿ ಎರಡು ಹಾಳೆಗಳ ರಾಜ್ಯಭಾರ. ಸೇನೆಯ ಗುಪ್ತಚರ ವಿಭಾಗದ ಪರೀಕ್ಷೆಯಲ್ಲಿ ಮಗಳು ಪಾಸಾಗಿದ್ದಳು. ಪಾಸಾಗಿದ್ದಲ್ಲದೆ ಎರಡಕ್ಕೂ ಸಾಲುವಷ್ಟು ಅಂಕ ತೆಗೆದಿದ್ದಳು. ಸಿಪಾಯಿಯಾಗಿ ಸೇರುವುದಾದರೆ ನೀಲಿ ಹಾಳೆ ತುಂಬಿ ಕೊಡಬೇಕು, ಅಧಿಕಾರಿಯಾಗಿ ಸೇರುವುದಾದರೆ ಹಳದಿ ಹಾಳೆ. ಎರಡೂ ಕೊಡುವಂತಿಲ್ಲ. ಎರಡನ್ನೂ ತುಂಬಿಟ್ಟುಕೊಂಡು, ಯಾವುದಕ್ಕೂ ರುಜು ಹಾಕದೆ ಮೂರು ವಾರ ಕಳೆದಿದ್ದಳು. ನಾನು ಜೇಬು ತಡಕಿದ ಆ ದಿನವೇ ಮಧ್ಯಾಹ್ನ ಹನ್ನೆರಡಕ್ಕೆ ಭರ್ತಿ ಕಚೇರಿಯ ಕಿಟಕಿ ಮುಚ್ಚುತ್ತದೆ. ಆಮೇಲೆ ಇನ್ನೊಂದು ವರ್ಷ ಆ ಹಾಳೆಗಳಿಂದ ದೋಣಿ ಮಾಡಿ ಆಡಬಹುದು, ಅಷ್ಟೆ.

ಹಳದಿಯನ್ನು ಒಗೆಯುವ ಪ್ಯಾಂಟಿನಲ್ಲಿ ಬಿಟ್ಟಿದ್ದಾಳೆ. ಅಂದರೆ ಅದು ಅವಳಿಗೆ ಬೇಡ. ಅಂದರೆ ನೀಲಿ. ಅಂದರೆ ಸಿಪಾಯಿ. ಅಂದರೆ, ನಾನು ನಡೆದ ದಾರಿ.

ಒಂದು ಕ್ಷಣ ಒಗೆಯುವ ಬಟ್ಟೆಗಳ ನಡುವೆಯೇ ಕುಣಿಯಬೇಕೆನಿಸಿತು. ಎರಡನೆಯ ಕ್ಷಣಕ್ಕೆ ಅನುಮಾನ ಬಂತು. ಈ ಹುಡುಗಿ ತನಗಾಗಿ ಆರಿಸಿದಳೋ, ನನಗಾಗಿಯೋ? ಅಮ್ಮ ಸಿಪಾಯಿಯಾಗಿದ್ದವಳು, ತಾನು ಅಧಿಕಾರಿಯಾದರೆ ಅಮ್ಮನ ಮುಖ ಸಣ್ಣಗಾದೀತು ಎಂದು ಹೀಗೆ ಮಾಡಿದ್ದರೆ? ಮಗುವಾಗಿದ್ದಾಗಲೂ ಅಷ್ಟೆ, ಎರಡು ಬಿಸ್ಕತ್ತು ಕೊಟ್ಟರೆ ಮುರಿದದ್ದನ್ನು ತಾನು ಇಟ್ಟುಕೊಂಡು ಇಡಿಯಾಗಿದ್ದದ್ದನ್ನು ನನಗೆ ಕೊಡುತ್ತಿದ್ದವಳು.

ಹಾಳೆ ಮಡಚುವಾಗ ಮಡಿಕೆಯಿಂದ ಒಂದು ಕೂದಲು ಜಾರಿತು. ನಕ್ಕುಬಿಟ್ಟೆ. ಯಾರಾದರೂ ಬಿಡಿಸಿ ನೋಡಿದರೆ ತಿಳಿಯಲಿ ಎಂದು ಇಟ್ಟ ಕೂದಲು! ಯಾರ ಮಗಳು! ಬುಟ್ಟಿಯ ಬಳಿ ಬಿದ್ದಿದ್ದ ಕೂದಲನ್ನು ಹೆಕ್ಕಿ, ಮಡಿಕೆಯೊಳಗೆ ಇದ್ದಲ್ಲೇ ಇಟ್ಟು, ಹಾಳೆಯನ್ನು ಜೇಬಿಗೆ ಇದ್ದ ಹಾಗೇ ಸೇರಿಸಿದೆ. ನೋಡಿದ ಗುರುತು ಉಳಿಯಬಾರದು ಎನ್ನುವುದು ನಾನು ಕೆಲಸದಲ್ಲಿ ಕಲಿತ ಮೊದಲ ಪಾಠ.

"ಹುಡುಗೀ, ಹಾಲು ಉಕ್ಕಿತು! ಒಲೆ ಆರಿಸೋಕೆ ನಾನೇ ಏಳ್ಬೇಕಾ?" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ನನಗೆ ನಲವತ್ತೇಳು ವರ್ಷ. ಅತ್ತೆಗೆ ನಾನು ಇನ್ನೂ ಹುಡುಗಿ. ಬಟ್ಟೆಗಳನ್ನು ಹಾಗೇ ಬಿಟ್ಟು ಓಡಿದೆ.

ಒಲೆ ಒರೆಸುತ್ತ ಯೋಚಿಸಿದೆ. ಮಗಳನ್ನು ನೇರವಾಗಿ ಕೇಳಿಬಿಡಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಬೇರೆ ಮನೆಗಳಲ್ಲಿ ಹಾಗೇ ಮಾಡುತ್ತಾರಂತೆ.

ನಾನು ಹದಿನೆಂಟು ವರ್ಷ ಗುಪ್ತಚರ ವಿಭಾಗದಲ್ಲಿದ್ದೆ, ಬಿಡುವಾಗ ಸಾರ್ಜೆಂಟ್. ಗುಪ್ತಚರ ಎಂದ ಕೂಡಲೇ ಜನ ಕಪ್ಪು ಕನ್ನಡಕವನ್ನೂ ಕಳ್ಳಮಾರ್ಗವನ್ನೂ ನೆನೆಯುತ್ತಾರೆ. ನನ್ನ ಪಾಲಿಗೆ ಬಂದದ್ದು ಕಿಟಕಿಯಿಲ್ಲದ ಕೋಣೆ, ಒಳಗಿನಿಂದ ಬೆಳಗುವ ಮೇಜು, ಆಕಾಶದಿಂದ ತೆಗೆದ ಫೋಟೋಗಳು ಮತ್ತು ಒಂದು ಭೂತಗನ್ನಡಿ. ನೆರಳು ಅಳೆದು ಕಂಬದ ಎತ್ತರ ಹೇಳುವುದು, ನಿನ್ನೆಯ ಫೋಟೋದಲ್ಲಿ ಇಲ್ಲದ್ದು ಇಂದಿನದರಲ್ಲಿ ಏನಿದೆ ಎಂದು ಹುಡುಕಿ ಕೆಂಪು ಮೇಣದ ಪೆನ್ಸಿಲಿನಿಂದ ಸುತ್ತು ಹಾಕುವುದು. ಇವರು ಅದೇ ಕೋಣೆಯ ಅಧಿಕಾರಿ. ನಾವು ಏಳು ಜನ ಕಂಡದ್ದನ್ನೆಲ್ಲ ಒಟ್ಟು ಮಾಡಿ, ಉದ್ದದ ಕೋಲು ಹಿಡಿದು, ದೊಡ್ಡವರ ಮುಂದೆ ಎದ್ದು ನಿಂತು ಮೂರು ನಿಮಿಷದಲ್ಲಿ ಹೇಳುವುದು ಇವರ ಕೆಲಸ. ತಪ್ಪಾದರೆ ತಲೆ ಕೊಡುವುದೂ ಇವರದೇ. ಸಿಪಾಯಿ ನೋಡುತ್ತಾನೆ, ಅಧಿಕಾರಿ ಹೇಳುತ್ತಾನೆ. ಆ ಎರಡು ಹಾಳೆಗಳ ವ್ಯತ್ಯಾಸ ನಿಜವಾಗಿ ಅಷ್ಟೇ.

ಅಧಿಕಾರಿಗೂ ಸಿಪಾಯಿಗೂ ಮದುವೆಯೆಂದರೆ ಮೂರು ಕಚೇರಿಯ ಮೊಹರು ಬೇಕಾಗಿತ್ತು. ಅಷ್ಟೂ ಮೊಹರು ಬಿದ್ದ ಮೇಲೂ ಮೊದಲ ಆರು ತಿಂಗಳು ನಾನು 'ರೀ' ಎನ್ನುವ ಕಡೆ 'ಸರ್' ಎನ್ನುತ್ತಿದ್ದೆ. ಇವರು ಈಗಲೂ ಖುಷಿಯಾದಾಗ ನನ್ನನ್ನು 'ಸಾರ್ಜೆಂಟ್' ಎನ್ನುತ್ತಾರೆ.

ಇಂಥ ಇಬ್ಬರು ಕಟ್ಟಿದ ಮನೆಯಲ್ಲಿ ಒಂದೇ ಕಾನೂನು: ಕೆಲಸದ ಮಾತು ಕೇಳಬಾರದು. ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ಸಂಜೆ ಊಟಕ್ಕೆ ಕುಳಿತವಳು, "ಅಮ್ಮಾ, ಇವತ್ತು ನೀನು ಏನೇನು ನೋಡಿದೆ?" ಎಂದಳು. ನಾವಿಬ್ಬರೂ ಒಂದೇ ಸಲ ತುಟಿಯ ಮೇಲೆ ಬೆರಳಿಟ್ಟೆವು. ಎರಡು ದೊಡ್ಡ ಬೆರಳು, ಒಂದು ಪುಟ್ಟ ಮುಖ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಕೆಲಸದ ಮಾತಷ್ಟೇ ಅಲ್ಲ, ಎಲ್ಲವನ್ನೂ. ಹುಟ್ಟಿದಾಗ ಅವಳು ಅತ್ತ ರಾಗಕ್ಕೆ ಅಜ್ಜಿ ಇಟ್ಟ ಅಡ್ಡಹೆಸರು ಪಿಟೀಲು. ಆ ಪಿಟೀಲು ಕೇಳುವ ಬದಲು ನೋಡಲು ಕಲಿಯಿತು. ಏಳನೆಯ ವಯಸ್ಸಿಗೆ ಅಪ್ಪನ ಶೂ ಮೇಲಿನ ಮೈದಾಹಿಟ್ಟು ನೋಡಿ ತನ್ನ ಹುಟ್ಟುಹಬ್ಬದ ಕೇಕು ಎಲ್ಲಿ ಅಡಗಿದೆಯೆಂದು ಪತ್ತೆಹಚ್ಚಿದಳು. ನಾವಿಬ್ಬರೂ ನಿವೃತ್ತರಾದೆವು, ಕಾನೂನು ಮಾತ್ರ ನಿವೃತ್ತಿಯಾಗಲಿಲ್ಲ. ನಮ್ಮಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ, ಕಂಡುಹಿಡಿಯುತ್ತೇವೆ.

ಅತ್ತೆಯೊಬ್ಬರೇ ಬೇರೆ. ಅವರು ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಾರೆ. ಹಾಲಿನವನ ಮೇಲೆ ಹೆಂಡತಿ ಯಾಕೆ ಮುನಿಸಿಕೊಂಡಿದ್ದಾಳೆ ಎನ್ನುವುದರಿಂದ ಹಿಡಿದು ಮೇಲಿನ ಮನೆಯ ಪಿಯಾನೋ ಮೇಷ್ಟ್ರಿಗೆ ಹಲ್ಲು ಎಷ್ಟು ಉಳಿದಿವೆ ಎನ್ನುವವರೆಗೆ ಈ ಬೀದಿಯ ಸಮಸ್ತವೂ ಅವರಿಗೆ ಗೊತ್ತು. ನಮ್ಮ ಇಡೀ ವಿಭಾಗಕ್ಕೆ ಆ ಯೋಗ್ಯತೆ ಇರಲಿಲ್ಲ.

ಒಲೆ ಒರೆಸಿ ಮುಗಿಯುವ ಹೊತ್ತಿಗೆ ನನ್ನ ಯೋಜನೆ ಸಿದ್ಧವಾಗಿತ್ತು. ಮಗಳು ನನಗಾಗಿ ನೀಲಿಯನ್ನು ಹಿಡಿದಿದ್ದರೆ ಅವಳನ್ನು ಬಿಡಿಸಬೇಕಾದವಳು ನಾನೇ. ಅಧಿಕಾರಿಯ ಕೆಲಸವನ್ನು ಬಾಯ್ತುಂಬ ಹೊಗಳಬೇಕು. ಆಮೇಲೂ ಅವಳು ನೀಲಿಯನ್ನೇ ಹಿಡಿದರೆ ಅದು ಅವಳದೇ ಆಸೆ.

ತಿಂಡಿಗೆ ನಾಲ್ವರೂ ಕೂತೆವು. ಬ್ರೆಡ್ಡು, ಮೊಟ್ಟೆ, ಚಹಾ. ಎರಡು ದಿನದಿಂದ ಅಲುಗಾಡದೆ ನಿಂತಿದ್ದ ಮೇಜು ಅವತ್ತು ಮತ್ತೆ ಕುಂಟುತ್ತಿತ್ತು. ನಾನು ಗಮನಿಸಿದೆ, ಕೇಳಲಿಲ್ಲ.

"ಅಧಿಕಾರಿ ಕೆಲಸ ಅಂದ್ರೆ ಅಧಿಕಾರಿ ಕೆಲಸಾನೇ ಬಿಡಿ," ಎಂದೆ, ಬೆಣ್ಣೆ ಹಚ್ಚುತ್ತ, ಯಾರಿಗೂ ಹೇಳದವಳ ಹಾಗೆ. "ಎಷ್ಟು ಊರು ನೋಡ್ಬಹುದು. ಸ್ವಂತ ಕೋಣೆ. ಕೋಣೆಗೆ ಕಿಟಕಿ."

ಇವರು ಮೊಟ್ಟೆಯಿಂದ ತಲೆಯೆತ್ತಿದರು. "ಏನು ಕಿಟಕಿ? ಹದಿನಾರು ವರ್ಷ ಆ ಕಿಟಕೀಲಿ ಕಂಡಿದ್ದು ಸೈಕಲ್ ಸ್ಟ್ಯಾಂಡು. ಕೆಲಸ ಅಂದ್ರೆ ಸಿಪಾಯೀದು ಕಣೇ. ಹೊತ್ತಿಗೆ ಸರಿಯಾಗಿ ಹೋಗು, ಕೈಯಾರೆ ಹುಡುಕು, ಹೊತ್ತಿಗೆ ಸರಿಯಾಗಿ ಬಾ. ಅಧಿಕಾರಿಗೆ ಹುಡುಕೋಕೆ ಎಲ್ಲಿ ಬಿಡ್ತಾರೆ? ಬರೀ ಕಾಗದ, ಬರೀ ಸಭೆ."

ನಾನು ದಂಗಾದೆ. ಇದೇನು, ನಾನಾಡಬೇಕಾದ ಮಾತನ್ನು ಇವರು ಆಡುತ್ತಿದ್ದಾರೆ? "ಸಭೇಲಿ ಬಿಸ್ಕತ್ತು ಕೊಡ್ತಾರಲ್ಲ!" ಎಂದೆ.

"ಒಣಗಿದ ಬಿಸ್ಕತ್ತು!"

"ಸಿಪಾಯಿಗೆ ಅದೂ ಇಲ್ಲ!"

"ಸಿಪಾಯಿಗೆ ನಿದ್ದೆ ಇದೆ. ನಾಳೆ ಏನು ಹೇಳ್ಬೇಕೋ ಅಂತ ನಾನು ನಾಲ್ಕು ವರ್ಷ ಕಣ್ಣು ಮುಚ್ಚಿಲ್ಲ."

"ನೀವು ಕಣ್ಣು ಮುಚ್ಚಿಲ್ವಾ? ಹಾಗಾದ್ರೆ ನನ್ನ ಪಕ್ಕ ಗೊರಕೆ ಹೊಡೀತಿದ್ದಿದ್ದು ಯಾರು, ಶತ್ರುಗಳಾ?"

ಮೇಜು ಕುಂಟಿತು, ಚಹಾ ಚೆಲ್ಲಿತು. ಅತ್ತೆ ತಮ್ಮ ಲೋಟವನ್ನು ಎದೆಗೆ ಅವಚಿಕೊಂಡರು. "ಏನು ಬಡ್ಕೊಂಡಿದೆ ಇವತ್ತು ನಿಮ್ಮಿಬ್ಬರಿಗೂ? ಅವನು ಇವಳ ಕೆಲಸ ಹೊಗಳ್ತಾನೆ, ಇವಳು ಅವನ ಕೆಲಸ ಹೊಗಳ್ತಾಳೆ. ಮದುವೆ ದಿನಾನೂ ಇಷ್ಟು ಹೊಗಳಿಕೊಂಡಿರ್ಲಿಲ್ಲ."

ಪಿಟೀಲು ತಲೆ ತಗ್ಗಿಸಿ ಕೂತಿದ್ದಳು. ಬ್ರೆಡ್ಡಿನ ತುಂಡು ಕೈಯಲ್ಲೇ ಉಳಿದಿತ್ತು. ಅಪ್ಪನ ಪ್ಯಾಂಟಿನ ಮಂಡಿಗೆ ಹತ್ತಿದ್ದ ಧೂಳನ್ನು ನೋಡಿದಳು, ಮೇಜಿನ ಕಾಲನ್ನು ನೋಡಿದಳು, ನನ್ನ ತಲೆಗೂದಲನ್ನು ನೋಡಿದಳು. ಅವಳ ಕಿವಿ ಕೆಂಪಗಾಯಿತು. ಅಯ್ಯೋ, ಮಗು ಅಳು ತಡೆದುಕೊಳ್ಳುತ್ತಿದೆ ಎಂದುಕೊಂಡೆ.

"ನೀನು ಕೂತ್ಕೋ, ಬಟ್ಟೆ ನಾನೇ ಮಷಿನ್ನಿಗೆ ಹಾಕ್ತೀನಿ," ಎಂದು ಇವರು ಎದ್ದರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಇವರು ಆ ಮಷಿನ್ನಿನ ಹತ್ತಿರ ಹೋದದ್ದು ಅದರ ಮೇಲಿಟ್ಟ ಪೇಪರು ತೆಗೆದುಕೊಳ್ಳಲು ಮಾತ್ರ. ಹೋಗುತ್ತ ನನಗೆ ಕಣ್ಣು ಹೊಡೆದರು. ಚಹಾ ಸಿಡಿಯಿತೇನೋ ಎಂದು ನಾನು ಟವೆಲ್ ಕೊಡಹೋದೆ. ಮತ್ತೆ ಹೊಡೆದರು. ಆಗ ತಿಳಿಯಿತು, ಎರಡು ನಿಮಿಷ ಬಿಟ್ಟು ಪಾತ್ರೆ ಇಡುವ ನೆಪದಲ್ಲಿ ಎದ್ದೆ.

ಉಗ್ರಾಣದ ಬಾಗಿಲ ಹಿಂದೆ, ಆಲೂಗಡ್ಡೆಯ ಚೀಲಕ್ಕೂ ಏಣಿಗೂ ನಡುವೆ ನಮ್ಮ ಸಭೆ ಸೇರಿತು. ಬಿಸ್ಕತ್ತು ಇರಲಿಲ್ಲ.

"ನೀನ್ಯಾಕೆ ಅಧಿಕಾರಿ ಕೆಲಸ ಹೊಗಳ್ತಿದೀಯ?" ಇವರು ಪಿಸುಗುಟ್ಟಿದರು. "ಅವಳು ಮೊದಲೇ ಅಧಿಕಾರಿ ಆಗೋಕೆ ಹೊರಟಿದಾಳೆ. ಅದೂ ನನಗೋಸ್ಕರ! ನಾನು ಕಷ್ಟಪಟ್ಟು ಬಿಡಿಸ್ತಾ ಇದ್ರೆ ನೀನು ಮತ್ತೆ ಕಟ್ಟಿಹಾಕ್ತೀಯ."

"ಅಧಿಕಾರೀನಾ? ಅವಳು ಸಿಪಾಯಿ ಆಗೋಕೆ ಹೊರಟಿರೋದು. ನನಗೋಸ್ಕರ."

"ಪುರಾವೆ?"

"ಹಳದಿ ಹಾಳೇನ ನಾಲ್ಕು ಮಡಿಕೆ ಮಾಡಿ ಒಗೆಯೋ ಪ್ಯಾಂಟಲ್ಲಿ ಬಿಟ್ಟಿದಾಳೆ. ನಿಮ್ಮ ಪುರಾವೆ?"

"ನೀಲಿ ಹಾಳೇನ ಎಂಟು ಮಡಿಕೆ ಮಾಡಿ ಮೇಜಿನ ಕಾಲಡಿ ಸಿಕ್ಕಿಸಿದಾಳೆ. ಬೆಳಗ್ಗೆ ಚಮಚ ಬಿತ್ತು ಅಂತ ಬಗ್ಗಿದಾಗ ನೋಡ್ದೆ. ತೆಗೆದು ನೋಡಿ ಹಾಗೇ ಇಟ್ಟೆ."

"ಹಾಗೇ ಇಟ್ಟಿದ್ರೆ ಮೇಜು ಯಾಕ್ರೀ ಕುಂಟುತ್ತೆ? ಯಾವ ಕಾಲಿಗೆ ಇಟ್ರಿ?"

ಇವರು ಗಡ್ಡ ಕೆರೆದುಕೊಂಡರು. ಇವರು ಮಂಡಿಯೂರಿ, ಉಸಿರು ಬಿಗಿಹಿಡಿದು, ಗುರುತು ಉಳಿಯದ ಹಾಗೆ ಬೇರೆ ಕಾಲಿಗೆ ಹಾಳೆ ಸಿಕ್ಕಿಸಿ ಬಂದ ಚಿತ್ರ ಕಣ್ಣಿಗೆ ಕಟ್ಟಿತು. ನಗು ಬಂತು. ಬಾಯಿಗೆ ಸೆರಗಿಲ್ಲ, ಏಪ್ರನ್ನನ್ನೇ ತುರುಕಿಕೊಂಡೆ.

ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹಳದಿಯೂ ಬೇಡ, ನೀಲಿಯೂ ಬೇಡ.

"ಎರಡನ್ನೂ ಬಿಸಾಕಿದಾಳೆ," ಎಂದರು ಇವರು, ಮೆಲ್ಲಗೆ. "ಅವಳಿಗೆ ಸೇನೇನೇ ಬೇಡ ಕಣೇ. ಯಾರೋ ಹುಡುಗ ಇದಾನೆ."

"ಪಿಯಾನೋ ಮೇಷ್ಟ್ರ ಹತ್ರ ವಾರಕ್ಕೆರಡು ಸಲ ಹೋಗ್ತಾಳಲ್ಲ..."

"ಮೇಷ್ಟ್ರಿಗೆ ಎಪ್ಪತ್ತು ವರ್ಷ!"

"ಮೇಷ್ಟ್ರಲ್ಲ ರೀ, ಸಂಗೀತ! ಸಂಗೀತ ಕಲಿಯೋಕೆ ಹೊರಟುಹೋಗ್ತಾಳೆ!"

ಹೀಗೆ ಇಬ್ಬರು ನಿವೃತ್ತ ಪರಿಣತರು ಆಲೂಗಡ್ಡೆ ಚೀಲದ ಪಕ್ಕ ನಿಂತು ಮೂರು ನಿಮಿಷದಲ್ಲಿ ಮಗಳನ್ನು ಸೇನೆಯಿಂದ ಬಿಡಿಸಿ, ಮದುವೆ ಮಾಡಿಸಿ, ಸಂಗೀತ ಕಚೇರಿಯ ವೇದಿಕೆ ಹತ್ತಿಸಿ, ದೂರದೇಶಕ್ಕೆ ಕಳಿಸಿ, ಅಳುವ ಹಂತಕ್ಕೆ ಬಂದೆವು. ಆಗ ಗೋಡೆಯಾಚೆ ಮಷಿನ್ನು ಗುರ್ ಎಂದಿತು.

"ರೀ, ಬೂದು ಪ್ಯಾಂಟು ಎಲ್ಲಿ?"

"ಮಷಿನ್ನಿಗೆ ಹಾಕ್ದೆನಲ್ಲ."

"ಜೇಬು ನೋಡಿದ್ರಾ?"

"ಜೇಬು ನೋಡೋದು ನಿನ್ನ ಕೆಲಸ," ಎಂದವರು ಅರ್ಧಕ್ಕೇ ನಿಲ್ಲಿಸಿದರು. ನಾವಿಬ್ಬರೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಹೋಗಿ ಏಣಿ ಬೀಳಿಸಿದೆವು.

ಮಷಿನ್ನು ನೀರು ತುಂಬಿಕೊಂಡು ಇನ್ನೇನು ತಿರುಗಲು ಶುರುಮಾಡಿತ್ತು. ಗಾಜಿನಾಚೆ ಬೂದು ಪ್ಯಾಂಟು ನಿಧಾನವಾಗಿ ಪಲ್ಟಿ ಹೊಡೆಯುತ್ತಿತ್ತು. ಇವರು ಒಂದು ಗುಂಡಿ ಒತ್ತಿದರು, ಅದು ಇನ್ನೂ ಜೋರಾಯಿತು. ಇನ್ನೊಂದು ಒತ್ತಿದರು, ಅದು ಹಾಡಿತು. ನಾನು ಗೋಡೆಯ ಪ್ಲಗ್ಗನ್ನೇ ಕಿತ್ತೆ. ಬಾಗಿಲು ಎಳೆದದ್ದೇ ನೀರು ಭರ್ ಎಂದು ನಮ್ಮಿಬ್ಬರ ಕಾಲ ಮೇಲೆ ಸುರಿಯಿತು. ಕೈ ಹಾಕಿ ಪ್ಯಾಂಟು ಹಿಡಿದು ಎಳೆದೆ, ಅದರ ಜೊತೆ ಎರಡು ಬನಿಯನ್ನು, ಒಂದು ದಿಂಬಿನ ಚೀಲ, ಅತ್ತೆಯ ಸ್ವೆಟರು ತೋಳು ಹಿಡಿದುಕೊಂಡು ಹೊರಬಂದವು. ಜೇಬಿನಲ್ಲಿ ಹಳದಿ ಹಾಳೆ ಇತ್ತು. ಒದ್ದೆ ಮುದ್ದೆ, ಆದರೆ ಇಡಿಯಾಗಿ. ಸರಕಾರದ ದಪ್ಪ ಕಾಗದಕ್ಕೆ ಮೊದಲ ಬಾರಿ ಕೃತಜ್ಞಳಾದೆ.

ತಿರುಗಿದರೆ ಬಾಗಿಲಲ್ಲಿ ಪಿಟೀಲು. ಅವಳ ಹಿಂದೆ, ಅವಳ ಭುಜದ ಮೇಲಿಂದ ಇಣುಕುತ್ತ, ಅತ್ತೆ. ನಾವು ಗಂಡಹೆಂಡತಿ ನೀರಿನಲ್ಲಿ ಕೂತು, ಒಂದು ಪ್ಯಾಂಟನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದೆವು.

"ನಾವು ಏನೂ ನೋಡಿಲ್ಲ," ಎಂದರು ಇವರು.

ಮಗಳ ಕಿವಿ ಮತ್ತೆ ಕೆಂಪಗಾಯಿತು. ಆಮೇಲೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲಕ್ಕೆ ಕುಸಿದಳು. ಅಳು ಅಲ್ಲ, ನಗು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕದೆ, ಮಗುವಾಗಿದ್ದಾಗಿನ ಅದೇ ರಾಗದಲ್ಲಿ ನಕ್ಕಳು. ಅವಳ ಕಿವಿಯನ್ನು ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಆದರೂ ತಪ್ಪು ಓದಿದ್ದೆ.

"ಎರಡೂ ನಾನೇ ಇಟ್ಟಿದ್ದು," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಹಳದಿ ನಿನಗೆ ಸಿಗೋ ಕಡೆ, ನೀಲಿ ಅಪ್ಪನಿಗೆ ಸಿಗೋ ಕಡೆ. ಸಿಕ್ಕಾಗ ನಿಮ್ಮ ಮುಖ ಹೇಗಾಗುತ್ತೆ ಅಂತ ನೋಡೋಕೆ. ಯಾವುದು ಬೇಡ ಅಂದ್ರೆ ಯಾರಿಗೆ ಬೇಜಾರಾಗುತ್ತೆ ಅಂತ. ನೋಡಿದ್ರೆ ನೀವಿಬ್ರೂ ತಿರುವುಮುರುವು ಮಾತಾಡ್ತಿದೀರ. ನನಗೆ ತಲೆಬುಡ ಅರ್ಥ ಆಗ್ಲಿಲ್ಲ."

"ನಾನು ನೋಡಿದ್ದು ನಿನಗೆ ಹೇಗೆ ಗೊತ್ತು?" ಎಂದೆ, ಸ್ವಲ್ಪ ಸೆಟೆದು. "ಕೂದಲು ಇದ್ದ ಹಾಗೇ ಇಟ್ಟಿದ್ದೆನಲ್ಲ."

"ನೀನು ಇಟ್ಟಿದ್ದು ನಿಜ ಅಮ್ಮಾ. ತಿಂಡಿಗೆ ಮುಂಚೆ ಬಂದು ನೋಡ್ದೆ. ನಾನು ಇಟ್ಟಿದ್ದು ಕಪ್ಪು ಕೂದಲು. ನೀನು ಇಟ್ಟಿದ್ದು ಬಿಳೀದು."

ಇವರು ನೀರಿನಲ್ಲೇ ಬಿದ್ದು ನಕ್ಕರು. "ಸಾರ್ಜೆಂಟ್! ಸಾರ್ಜೆಂಟ್! ಆಕಾಶದಿಂದ ಸೂಜಿ ಹುಡುಕ್ತಿದ್ದ ಸಾರ್ಜೆಂಟ್!"

"ನಾನು ಕನ್ನಡಕ ಹಾಕ್ಕೊಂಡಿರ್ಲಿಲ್ಲ!" ಎಂದೆ. ಆದರೆ ಆಗಲೇ ನನಗೂ ತಡೆಯಲಾಗುತ್ತಿರಲಿಲ್ಲ. "ನೀವೇನು ಕಮ್ಮಿಯಾ? ಮೇಜಿನ ಕಾಲು ನಾಲ್ಕೇ ಇರೋದು, ಅದರಲ್ಲೂ ತಪ್ಪು!"

ಅತ್ತೆ ಮಾತ್ರ ನಗಲಿಲ್ಲ. ತೊಟ್ಟಿಕ್ಕುತ್ತಿದ್ದ ತಮ್ಮ ಸ್ವೆಟರನ್ನು ಎತ್ತಿ ಹಿಂಡುತ್ತ ನಿಂತರು. "ಅಲ್ಲಾ, ಮೂರು ಜನ ಓದಿದವರು. ಮೂರು ವಾರ. ಬಾಯಿ ಬಿಟ್ಟು ಕೇಳೋಕೆ ನಿಮಗೇನು ರೋಗ? ಏ ಪಿಟೀಲು, ನಿನಗೆ ಏನು ಬೇಕೇ?"

ಎಷ್ಟು ಸುಲಭವಾಗಿ ಕೇಳಿಬಿಟ್ಟರು!

"ಗೊತ್ತಿಲ್ಲ ಅಜ್ಜಿ," ಎಂದಳು ಮಗಳು. ನಗು ಇನ್ನೂ ಮುಖದ ಅಂಚಿನಲ್ಲಿತ್ತು. "ನಿಜವಾಗ್ಲೂ ಗೊತ್ತಿಲ್ಲ. ನೋಡೋ ಕೆಲಸಾನೂ ಇಷ್ಟ. ಎದ್ದು ನಿಂತು ಹೇಳೋದೂ ಇಷ್ಟ. ಒಂದು ವಿಷಯ ಗೊತ್ತಾಗ್ಬಿಟ್ರೆ ಆರಿಸ್ತೀನಿ. ಆದರೆ ಅದು ಕೇಳೋ ಹಾಗಿಲ್ಲ."

"ಯಾಕೆ ಕೇಳೋ ಹಾಗಿಲ್ಲ?"

ಮಗಳು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಹದಿನೈದು ವರ್ಷದ ಹಿಂದೆ ನಾವಿಟ್ಟ ಬೆರಳು. ನನ್ನ ನಗು ಎಲ್ಲಿತ್ತೋ ಅಲ್ಲೇ ನಿಂತಿತು.

ಗಂಟೆ ಹತ್ತೂಮುಕ್ಕಾಲು. ನಾನು ಇಸ್ತ್ರಿಪೆಟ್ಟಿಗೆ ಹಚ್ಚಿದೆ. ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಹಳದಿ ಹಾಳೆಯ ಮೇಲೆ ತೆಳು ಬಟ್ಟೆ ಹೊದಿಸಿ ಮೆಲ್ಲಗೆ ಒತ್ತಿದೆ. ಹಬೆ ಎದ್ದಿತು. ಇವರು ನೀಲಿ ಹಾಳೆಯನ್ನು ಮೇಜಿನ ಕಾಲಡಿಯಿಂದ ಬಿಡಿಸಿ ತಂದು ನನ್ನ ಮುಂದಿಟ್ಟರು. ಅದರ ನಟ್ಟನಡುವೆ ಮೇಜಿನ ಕಾಲಿನ ದುಂಡನೆಯ ಅಚ್ಚು, ಮೊಹರು ಒತ್ತಿದ ಹಾಗೆ. ಅದಕ್ಕೂ ಇಸ್ತ್ರಿ ಹಾಕಿದೆ. ಹಳದಿಯದೊಂದು ಸುಕ್ಕು ಬಿಡಿಸಿದರೆ ನೀಲಿಯದೊಂದು, ಯಾವುದಕ್ಕೂ ಹೆಚ್ಚುಕಮ್ಮಿಯಾಗದ ಹಾಗೆ. ಎರಡನ್ನೂ ಅಕ್ಕಪಕ್ಕ ಇಟ್ಟೆ. ಮೊಮ್ಮಗಳು ರುಜು ಹಾಕಲೆಂದು ಅತ್ತೆ ಪೆನ್ನು ಹುಡುಕಿದರು, ಸಿಕ್ಕಿದ್ದು ಮುಚ್ಚಳ.

ಪಿಟೀಲು ನಡುಮನೆಗೆ ಹೋಗಿ ಗೋಡೆಯ ಫೋಟೋ ಇಳಿಸಿಕೊಂಡು ಬಂದಳು. ಜೊತೆಗೆ ನನ್ನ ಹಳೆಯ ಭೂತಗನ್ನಡಿ.

ನಮ್ಮ ಕೋಣೆಯವರೆಲ್ಲ ಇರುವ ಒಂದೇ ಫೋಟೋ ಅದು. ಹಿಂದಿನ ನಕ್ಷೆಗೆ ಬಿಳಿ ಬಟ್ಟೆ ಹೊದಿಸಿದ್ದಾರೆ. ನಡುವೆ ಕೋಲು ಹಿಡಿದು ಇವರು, ಆಗಿನ್ನೂ ಲೆಫ್ಟಿನೆಂಟ್, ಮೀಸೆ ಮೂಡಿದೆಯೋ ಇಲ್ಲವೋ ಎಂಬಂತೆ. ಇವರ ಕೈ ಕುಲುಕುತ್ತಿರುವ ಬಿಳಿಗೂದಲಿನ ಕಮಾಂಡರ್. ಬಲಗಡೆಯ ಅಂಚಿನಲ್ಲಿ, ಬಾಗಿಲ ಬಳಿ, ಅರ್ಧ ಭುಜ ಚೌಕಟ್ಟಿನಾಚೆ ಹೋಗಿರುವ ನಾನು.

ಆ ದಿನ ನನಗೆ ನಿನ್ನೆಯ ಹಾಗೆ ನೆನಪಿದೆ. ಖಾಲಿಯಾಗಿದೆ ಎಂದು ಎಲ್ಲರೂ ನಂಬಿದ್ದ ಒಂದು ಶಿಬಿರ. ಮೂರು ದಿನದ ಫೋಟೋದಲ್ಲಿ ಒಂದು ಗಾಡಿ ಇಲ್ಲ, ಹೊಗೆ ಇಲ್ಲ, ನರಪಿಳ್ಳೆ ಇಲ್ಲ. ನಾಲ್ಕನೆಯ ದಿನದ್ದರಲ್ಲಿ ಕೊಟ್ಟಿಗೆಯ ಹಿಂದೆ ನನಗೊಂದು ಗೆರೆ ಕಂಡಿತು, ದಾರಕ್ಕೆ ಸಾಸಿವೆ ಅಂಟಿದ ಹಾಗೆ. ಅರ್ಧ ಗಂಟೆ ನೋಡಿದೆ. ಬಟ್ಟೆ ಒಣಹಾಕುವ ಹಗ್ಗ. ಬಟ್ಟೆ ಒಗೆದವರು ಇದ್ದಾರೆಂದರೆ ಹಾಕಿಕೊಳ್ಳುವವರೂ ಇದ್ದಾರೆ. ಕೆಂಪು ಸುತ್ತು ಹಾಕಿ ಲೆಫ್ಟಿನೆಂಟರ ಕೈಗೆ ಕೊಟ್ಟೆ. ಅವರು ಒಳಗೆ ಹೋಗಿ ಮೂರು ನಿಮಿಷ ಹೇಳಿದರು. ಆ ಕಡೆ ಹೊರಟಿದ್ದ ನಮ್ಮ ನೂರಾರು ಹುಡುಗರು ಸಮಯಕ್ಕೆ ಸರಿಯಾಗಿ ಬೇರೆ ದಾರಿ ಹಿಡಿದರು. ಕಮಾಂಡರ್ ಕೈ ಕುಲುಕಿ ಶಭಾಷ್ ಎಂದರು. "ಇದನ್ನ ಕಂಡಿದ್ದು ನಮ್ಮ ಕೋಣೆಯ ಸಿಪಾಯಿ, ಸರ್," ಎಂದು ಇವರು ಹೇಳಿದ್ದು ನಿಜ. ನಾನು ಬಾಗಿಲ ಬಳಿಯೇ ಇದ್ದೆ, ಕೇಳಿಸಿಕೊಂಡೆ. ಅಷ್ಟರಲ್ಲಿ ಫೋಟೋದವನು ಎಲ್ಲರೂ ಈ ಕಡೆ ನೋಡಿ ಎಂದ.

ಇದನ್ನು ಮಗಳಿಗೆ ಯಾರೂ ಹೇಳಿರಲಿಲ್ಲ. ನಾನೂ ಇಲ್ಲ, ಇವರೂ ಇಲ್ಲ.

ಅವಳು ಫೋಟೋವನ್ನು ಎರಡು ಹಾಳೆಗಳ ನಡುವೆ ಇಟ್ಟು, ಅದರ ಬಲ ಅಂಚಿನ ಮೇಲೆ ಭೂತಗನ್ನಡಿ ಹಿಡಿದಳು. ನಾನು ಬಗ್ಗಿದೆ. ಈ ಬಾರಿ ಕನ್ನಡಕ ಹಾಕಿಕೊಂಡಿದ್ದೆ. ಅರ್ಧ ಕತ್ತರಿಸಿಹೋದ ನನ್ನ ಭುಜ, ತೋಳು, ಕೈ. ಕೈಯ ತೋರುಬೆರಳ ತುದಿಯಲ್ಲಿ ಒಂದು ಕೆಂಪು ಕಲೆ.

"ಎಂಟನೇ ಕ್ಲಾಸಲ್ಲಿದ್ದಾಗ್ಲೇ ಕಂಡುಹಿಡಿದೆ," ಎಂದಳು. "ಕೈ ಕುಲುಕಿಸ್ಕೋತಿರೋದು ಅಪ್ಪ. ಅಪ್ಪನ ಬೆರಳಿಗೆ ಏನೂ ಹತ್ತಿಲ್ಲ. ಪೆನ್ಸಿಲ್ಲಿನ ಕೆಂಪು ಇರೋದು ನಿನ್ನ ಬೆರಳಲ್ಲಿ. ಅಲ್ಲಿವರೆಗೂ ನಾನೇ ನೋಡಿ ತಿಳ್ಕೊಂಡೆ. ಅದರ ಮುಂದಿಂದು ಎಷ್ಟು ನೋಡಿದ್ರೂ ಕಾಣಿಸ್ಲಿಲ್ಲ. ನಿನ್ನ ಮುಖ ಈ ಕಡೆ ತಿರುಗಿಲ್ಲ, ಅಮ್ಮಾ. ನೀನು ಅಪ್ಪನ್ನ ನೋಡ್ತಿದೀಯ. ನಗ್ತಿದೀಯಾ, ಇಲ್ವಾ, ಅದೇ ಗೊತ್ತಾಗಲ್ಲ."

ಇವರು ಕುರ್ಚಿ ಎಳೆದುಕೊಂಡು ಕೂತರು. ಇಸ್ತ್ರಿಪೆಟ್ಟಿಗೆಯನ್ನು ನಾನು ನೆಟ್ಟಗೆ ನಿಲ್ಲಿಸಿದೆ. ಅತ್ತೆ ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡರು, ಎಲ್ಲರೆದುರಿಗೆ, ಮುಚ್ಚುಮರೆಯಿಲ್ಲದೆ. "ಕೇಳೇ," ಎಂದರು ಮೊಮ್ಮಗಳಿಗೆ. "ಕೇಳಿದ್ರೆ ಯಾರೂ ಸಾಯಲ್ಲ."

ಮಗಳು ನನ್ನನ್ನು ನೋಡಿದಳು, ಬೆರಳನ್ನಲ್ಲ, ಕೂದಲನ್ನಲ್ಲ, ನನ್ನನ್ನು. ನಾಲ್ಕು ವರ್ಷದವಳು ಊಟದ ತಟ್ಟೆಯ ಮೇಲಿಂದ ನೋಡಿದ ಹಾಗೆ. ನನ್ನ ಬಲಗೈ ಹಳೆಯ ಚಾಳಿಯಿಂದ ತುಟಿಯ ಕಡೆ ಏಳಹೊರಟಿತು. ಅದನ್ನು ಹಿಡಿದು ಏಪ್ರನ್ನಿನ ಜೇಬಿಗೆ ತುರುಕಿ, ಅಲ್ಲೇ ಒತ್ತಿಟ್ಟುಕೊಂಡೆ.

"ಕೇಳು ಮಗಾ," ಎಂದೆ.

"ಅಮ್ಮಾ, ಅವತ್ತು ಬಾಗಿಲ ಹತ್ರ ನಿಂತಿದ್ದಾಗ, ಒಳಗೆ ಹೋಗಿ ನಾನೇ ಹೇಳ್ಬೇಕಿತ್ತು ಅಂತ ನಿನಗೆ ಅನ್ನಿಸ್ಲಿಲ್ವಾ?"